ಅಂಗೈಯಗಲದ ಟ್ಯಾಂಕಿಗೆ ಮರಳಿನ ಬಣ್ಣ

"ಇದೂ ಅಲ್ಲ ರೀ..."

ಪರಶುರಾಮ್ ಅಂಗೈಯಗಲದ ಯುದ್ಧದ ಟ್ಯಾಂಕನ್ನು ಕೌಂಟರಿನ ಮೇಲಿಟ್ಟ. ಗಂಗೋತ್ರಿಗೆ ಮೈಯೆಲ್ಲಾ ಉರಿಯಿತು.

ಚನ್ನಗಿರಿಯ ಕಲ್ಲೇಶಪ್ಪನವರ ಪೇಂಟ್ ಅಂಗಡಿಯಲ್ಲಿ ಬಣ್ಣ ಕಲಸುವವಳು ಅವಳು. ಗೋಡೆಯಿಂದ ಉದುರಿದ ಚಕ್ಕೆ ಕೊಟ್ಟರೂ ಸಾಕು, ಅದೇ ಬಣ್ಣ ಮಾಡಿಕೊಡುತ್ತಾಳೆ ಎಂದು ಊರಿನ ಪೇಂಟರುಗಳೆಲ್ಲ ಹೊಗಳುತ್ತಾರೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದೂ ಅವರಿಗೆ ಗೊತ್ತು.

ಈ ಹೊನ್ನಾಳಿಯ ಐಟಿಐ ಮೇಷ್ಟ್ರು ಪರಶುರಾಮನಿಗೆ ಮಾತ್ರ ಅವಳ ಬಣ್ಣ ಹಿಡಿಸುತ್ತಿರಲಿಲ್ಲ.

ಸೈನ್ಯದ ಗಾಡಿಗಳ ಪುಟ್ಟ ಮಾದರಿ ಮಾಡುವುದು ಅವನ ಹುಚ್ಚು. ಈ ಟ್ಯಾಂಕು ಅವನ ದೊಡ್ಡಪ್ಪ ಗಾದ್ರಪ್ಪನವರಿಗೆ. ಅವರು ರಾಜಸ್ಥಾನದ ಮರಳಿನಲ್ಲಿ ಟ್ಯಾಂಕ್ ಓಡಿಸಿದವರು. ಟ್ಯಾಂಕಿಗೆ ಬಳಿದು ಉಳಿದ ಬಣ್ಣವನ್ನು ಒಂದು ತಗಡಿನ ಸೋಪಿನ ಡಬ್ಬಿಗೆ ಬಳಿದುಕೊಂಡು, ಬಟ್ಟೆ ಸುತ್ತಿ ಇಷ್ಟು ವರ್ಷ ಕಾಪಾಡಿದ್ದರು. ಗಂಗೋತ್ರಿ ಹೊಂದಿಸಬೇಕಾಗಿದ್ದು ಆ ಬಣ್ಣವನ್ನೇ.

"ಡಬ್ಬಿ ಪಕ್ಕ ಇಟ್ಟು ನೋಡ್ರಿ. ಕೂದಲೆಳೆ ಫರಕಿಲ್ಲ."

"ಡಬ್ಬಿಗೆ ಸರಿಯಾಗೈತೆ. ಟ್ಯಾಂಕಿಗೆ ಯಾಕೋ ಹಸಿ ಮಣ್ಣು ಮೆತ್ತಿದಂಗೆ ಕಾಣ್ತೈತೆ..."

ಬೇರೆ ಗಿರಾಕಿಯಾಗಿದ್ದರೆ ಅವಳು ಎಂದೋ ಓಡಿಸಿರುತ್ತಿದ್ದಳು. ಆದರೆ ಗುಂಡುಸೂಜಿಯಷ್ಟು ಬೋಲ್ಟುಗಳನ್ನೂ ಬಿಡದೆ ಕೂರಿಸಿದ ಆ ಬೆರಳುಗಳು! ಎಷ್ಟು ತಾಳ್ಮೆ ಈ ಮನುಷ್ಯನಿಗೆ ಎಂದು ಅವಳು ಕದ್ದು ನೋಡುತ್ತಿದ್ದಳು. "ಬಣ್ಣ ಹಿಂಗೆ ಗುರುತಿಸೋರನ್ನ ನಾನು ನೋಡಿಲ್ಲ ರೀ" ಎಂದು ಒಮ್ಮೆ ಅವನು ಹೇಳಿದ್ದ. ಆ ಮಾತನ್ನು ಮನಸ್ಸಿನಲ್ಲೇ ಎಷ್ಟೋ ಸಲ ಕೇಳಿಸಿಕೊಂಡಿದ್ದಳು ಪಾಪ.

ಕಲ್ಲೇಶಪ್ಪನವರು ಸುಮ್ಮನಿರಬೇಕಲ್ಲ? ಗಲ್ಲಾದಿಂದಲೇ ನಕ್ಕರು.

"ಅವ್ವಾ, ಬಣ್ಣ ಸರಿಯಾದ್ರೆ ಮೇಷ್ಟ್ರು ಮತ್ತೆ ಬರಾಕೆ ನೆಪ ಬೇಕಲ್ಲ?"

ಪರಶುರಾಮನ ಮುಖ ಕೆಂಪಾಯಿತು. ಇಲ್ಲ ಎನ್ನಲಿಲ್ಲ.

ಗಂಗೋತ್ರಿ ಬಣ್ಣ ಕಲಸುವ ಕಡ್ಡಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. ಹಾಗಾದರೆ ನನ್ನ ಕೆಲಸ ಸರಿಯಿಲ್ಲ ಅಂದಿದ್ದೆಲ್ಲ ಆಟವೇ? ಹೊಗಳಿದ್ದೂ ಆಟವೇ?

"ನನ್ನ ಕೆಲಸ ನಿಮಗೆ ಚೇಷ್ಟೆ ಆಗೈತಾ? ಇನ್ನೊಮ್ಮೆ ಬರಬ್ಯಾಡ್ರಿ."

ಅವನು ಏನೋ ಹೇಳಲು ಹೋದ. ಅವಳು ಮುಖ ತಿರುಗಿಸಿದಳು. ಟ್ಯಾಂಕು, ಡಬ್ಬಿ ಎರಡನ್ನೂ ಅಲ್ಲೇ ಬಿಟ್ಟು ಹೊರಟುಹೋದ.

ಮರುದಿನ ಅಂಗಡಿ ಖಾಲಿಯಿದ್ದಾಗ ಅವಳು ಎರಡನ್ನೂ ಬಿಸಿಲಿಗೆ ಒಯ್ದಳು. ಅವನು ಸುಳ್ಳ ಎಂದು ಖಾತ್ರಿ ಮಾಡಿಕೊಂಡರೆ ಮರೆಯುವುದು ಸುಲಭವಾಗುತ್ತಿತ್ತು.

ಬಣ್ಣ ಒಂದೇ. ಆದರೂ ಟ್ಯಾಂಕು ಕಪ್ಪಗೆ, ಮಂಕಾಗಿ ಕಂಡಿತು. ಅವನು ನಿಜವನ್ನೇ ಹೇಳಿದ್ದ!

ಆಗ ರಸ್ತೆಯ ತುದಿಯಲ್ಲಿ ಅಡಿಕೆ ಲಾರಿಯೊಂದು ಬರುತ್ತಿತ್ತು. ದೂರದಲ್ಲಿ ಬಿಳಚಿಕೊಂಡಿದ್ದ ಅದರ ಕೆಂಪು, ಹತ್ತಿರ ಬಂದಂತೆಲ್ಲ ಗಾಢವಾಯಿತು. ಗಂಗೋತ್ರಿ ನಿಂತಲ್ಲೇ ನಿಂತಳು. ನಿಜವಾದ ಟ್ಯಾಂಕು ಇಷ್ಟು ಚಿಕ್ಕದಾಗಿ ಕಾಣಬೇಕಾದರೆ ಅದೆಷ್ಟು ದೂರ ಇರಬೇಕು! ನಡುವೆ ಅಷ್ಟು ಗಾಳಿ, ಅಷ್ಟು ಧೂಳು. ಚಿಕ್ಕ ಗಾಡಿಗೆ ಬಣ್ಣವೂ ದೂರದ್ದೇ ಬೇಕು...

ಒಳಗೆ ಓಡಿದಳು. ಮರಳಿನ ಬಣ್ಣಕ್ಕೆ ಬಿಳಿಯನ್ನು ಹನಿಹನಿಯಾಗಿ ಸೇರಿಸಿದಳು. ಬಳಿದು, ಒಣಗಿಸಿ, ಮತ್ತೆ ಬಿಸಿಲಿಗೆ ಹಿಡಿದಳು. ಆಮೇಲೆ ಅವನಿಗೆ ಫೋನ್ ಮಾಡಿದಳು.

"ನಿಮ್ಮ ಟ್ಯಾಂಕು ತರ್ತೀನಿ. ನೀವು ಹೇಳೋದು ಬ್ಯಾಡ, ನಿಮ್ಮ ದೊಡ್ಡಪ್ಪಾರೇ ಹೇಳ್ಲಿ."

ಭಾನುವಾರ ಹೊನ್ನಾಳಿಯ ಮನೆಯ ಪಡಸಾಲೆಯಲ್ಲಿ ಗಾದ್ರಪ್ಪನವರು ಟ್ಯಾಂಕನ್ನು ಅಂಗೈಯಲ್ಲಿಟ್ಟುಕೊಂಡು, ಕೈ ಚಾಚಿ ದೂರ ಹಿಡಿದು ನೋಡಿದರು. ಗಂಗೋತ್ರಿ ಸೆರಗಿನ ಅಂಚು ಹಿಂಡುತ್ತಾ ಕೂತಳು.

"ಆ ಮರಳಿನಾಗೆ ಊಟ ಮುಗಿಸಿ ನಡ್ಕೊಂಡು ವಾಪಸ್ ಬರುವಾಗ ನನ್ನ ಗಾಡಿ ದೂರದಿಂದ ಹಿಂಗೇ ಕಾಣ್ತಿತ್ತವ್ವಾ" ಎಂದರು ಮುದುಕರು. ಕಣ್ಣೊರೆಸಿಕೊಂಡು, ಮನೆಯವರಿಗೆ ತೋರಿಸಲು ಒಳಗೆ ಹೋದರು.

ಪಡಸಾಲೆಯಲ್ಲಿ ಇಬ್ಬರೇ ಉಳಿದರು.

"ಕಾರಣ ನನಗೂ ತಿಳಿದಿರಲಿಲ್ಲ. ನೀವು ಕಂಡುಹಿಡಿದ್ರಿ" ಎಂದ ಪರಶುರಾಮ್. ಅವನ ಕಣ್ಣಲ್ಲಿದ್ದ ಮೆಚ್ಚುಗೆಯನ್ನು ಈ ಸಲ ಅವಳು ಅನುಮಾನಿಸಲಿಲ್ಲ.

"ನಾನೇ ದುಡುಕಿದೆ. ಆದ್ರೆ ಯಜಮಾನ್ರು ನೆಪ ಅಂದಾಗ ನೀವ್ಯಾಕೆ ಇಲ್ಲ ಅನ್ಲಿಲ್ಲ?"

ಅವನು ತಲೆ ತಗ್ಗಿಸಿದ.

"ಬಣ್ಣದ ವಿಷಯದಾಗೆ ನಾನು ಒಂದು ಸುಳ್ಳೂ ಹೇಳಿಲ್ಲ ರೀ. ಆದ್ರೆ... ಹೊನ್ನಾಳಿಯಾಗೂ ಪೇಂಟ್ ಅಂಗಡಿ ಐತೆ. ನಮ್ಮನೆ ಎದುರಿಗೇ ಐತೆ."

ಗಂಗೋತ್ರಿ ಬಾಗಿಲಾಚೆ ನೋಡಿದಳು. ಹೌದು, ರಸ್ತೆಯ ಆ ಬದಿಗೇ, ದೊಡ್ಡ ಬೋರ್ಡಿನ ಅಂಗಡಿ! ಬರುವಾಗ ಕಾತರದಲ್ಲಿ ಅವಳಿಗೆ ಕಂಡೇ ಇರಲಿಲ್ಲ. ನಗು ತಡೆಯಲಾಗಲಿಲ್ಲ.

"ಅಲ್ಲಿ ಬಣ್ಣ ಕಲಸೋರು ಬೇಕಾಗ್ಯಾರಾ, ಕೇಳ್ರಿ."

"ಯಾಕ್ರೀ?"

"ಮದುವೆ ಆದ್ಮೇಲೆ ದಿನಾ ಚನ್ನಗಿರಿಗೆ ಹೋಗಿ ಬರಾಕೆ ಆಗ್ತೈತಾ?"