ಕೋಣೆಯೊಳಗೆ ಹೇಳಿದ ಮಾತು

ಮಂಗಳವಾರ ಬೆಳಿಗ್ಗೆ ಮುಬೀನಾ ಬೆಳ್ಳೂರು ಠಾಣೆಗೆ ಬಂದಳು. ನಾಗಮಂಗಲದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವಳು, ಹೆಣ್ಣು ಭ್ರೂಣಹತ್ಯೆಯ ವಿರುದ್ಧ ಕೆಲಸ ಮಾಡುವ ಹಕ್ಕುಗಳ ವೇದಿಕೆಯ ಕಾರ್ಯಕರ್ತೆ.

"ಮೇಡಂ, ನಮ್ ಉಡ್ಗಿ ರಂಜಿತನ್ನ ನಿನ್ನೆ ಸಂಜೆ ಕ್ರಾಸಲ್ಲಿ ಬಸ್ಸಿಳೀತಿದ್ದಂಗೆ ಒಡ್ದವ್ರೆ. ಕೈ ಮುರ್ದೋಗದೆ."

ಇನ್‌ಸ್ಪೆಕ್ಟರ್ ಅರ್ಪಿತ ಎಫ್‌ಐಆರ್ ದಾಖಲಿಸಿದರು. ಹೆಡ್ ಕಾನ್‌ಸ್ಟೇಬಲ್ ತಮ್ಮಯ್ಯನನ್ನು ಸ್ಥಳ ಪಂಚನಾಮೆಗೆ ಕಳುಹಿಸಿ, ತಾವು ಆಸ್ಪತ್ರೆಗೆ ಹೋದರು.

"ಎಷ್ಟು ಜನ?"

"ಇಬ್ರು. ಬೈಕಲ್ಲಿ ಬಂದ್ರು."

"ಏನಾದರೂ ಅಂದರಾ?"

ರಂಜಿತ ಗೋಡೆಯತ್ತ ಮುಖ ತಿರುಗಿಸಿದಳು. "ಬಕೆಟ್ ತೊಳ್ದೋಳು ನೀನೇನಾ ಅಂದ."

ಎರಡು ವರ್ಷದ ಹಿಂದೆ, ನರ್ಸ್ ಕೆಲಸವೆಂದು ನಂಬಿ ಅವಳು ಕೆ.ಆರ್. ಪೇಟೆ ಕಡೆಯ ಕಬ್ಬಿನ ಗದ್ದೆಯ ಮನೆಯೊಂದಕ್ಕೆ ಸೇರಿದ್ದಳು. ಅಲ್ಲಿ ಕದ್ದು ಸ್ಕ್ಯಾನಿಂಗ್ ಮಾಡಿ, ಹೆಣ್ಣೆಂದು ತಿಳಿದರೆ ಗರ್ಭ ತೆಗೆಯುತ್ತಿದ್ದರು. ಆಮೇಲೆ ಬಕೆಟ್ ತೊಳೆಯುವುದು ಅವಳ ಪಾಲಿಗೆ ಬರುತ್ತಿತ್ತು. ಅದನ್ನು ಬಿಟ್ಟು ಬಂದವಳು ಮುಬೀನಾಳ ಜೊತೆ ಸೇರಿ ಮನೆಮನೆಗೆ ಹೋಗಿ ಬಸುರಿಯರನ್ನು ಎಚ್ಚರಿಸತೊಡಗಿದಳು. ಮೊನ್ನೆ ಭಾನುವಾರ ಶ್ರೀರಂಗಪಟ್ಟಣದಲ್ಲಿ ವೇದಿಕೆ ಕರೆದಿದ್ದ ಸಭೆಯಲ್ಲಿ ಇಬ್ಬರು ನಿವೃತ್ತ ನ್ಯಾಯಾಧೀಶರು ಇಂಥ ಕಾರ್ಯಕರ್ತರ ಸಾಕ್ಷ್ಯ ಕೇಳಿದ್ದರು. ಉಳಿದವರು ಸಭೆಯ ಎದುರು ಮಾತಾಡಿದರು. ರಂಜಿತಳನ್ನು ಮಾತ್ರ ಬೇರೆ ಕೋಣೆಯಲ್ಲಿ, ಹೆಸರು ಹೊರಗೆ ಬಿಡುವುದಿಲ್ಲವೆಂದು ಮಾತು ಕೊಟ್ಟು ಕೇಳಿದ್ದರು.

"ಬಕೆಟ್ಟಿನ ವಿಷ್ಯ ನಮ್ಮವ್ವಂಗೂ ಯೋಳಿರ್ಲಿಲ್ಲ ಮೇಡಂ. ಅವತ್ತೇ ಮೊದ್ಲು ಬಾಯಿ ಬುಟ್ಟಿದ್ದು."

"ಎರಡು ವರ್ಷ ಸುಮ್ಮನಿದ್ದವರು ನೀನು ಮಾತಾಡಿದ ಮಾರನೇ ದಿನವೇ ಬಂದರಲ್ಲ. ಕೋಣೆಯಲ್ಲಿ ಯಾರ್ಯಾರಿದ್ದರು?"

"ಆ ಇಬ್ರು ದೊಡ್ಡೋರು, ಮುಬೀನಕ್ಕ, ಕರಿಯಪ್ಪಣ್ಣ."

ಪಾಂಡವಪುರ ತಾಲ್ಲೂಕಿನ ಕರಿಯಪ್ಪ ವೇದಿಕೆ ಕಟ್ಟಿದ ಹಿರಿಯರು. ಮುಬೀನಾಳನ್ನು ಈ ಕೆಲಸಕ್ಕೆ ಕರೆತಂದವರೂ ಅವರೇ. ಅವರ ಬಗ್ಗೆ ಕೇಳಿದಾಗ ಮುಬೀನಾ ರೇಗಿದಳು. "ಅಲ್ಲಾ ಕಸಂ ಮೇಡಂ, ಅವ್ರ ಮ್ಯಾಲೆ ಅನುಮಾನ ಪಡೋದಾದ್ರೆ ಮೊದ್ಲು ನನ್ನ ಒಳಿಕ್ಕಾಕಿ."

ಕ್ರಾಸಿನ ಹೋಟೆಲೊಂದರ ಕ್ಯಾಮೆರಾದಲ್ಲಿ ತಮ್ಮಯ್ಯನಿಗೆ ಬೈಕಿನ ನಂಬರ್ ಸಿಕ್ಕಿತು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಅದನ್ನು ಓಡಿಸಿದ್ದ ಅಪ್ಪು ಠಾಣೆಯಲ್ಲಿದ್ದ.

"ಯಾಕ್ಲಾ ಒಡ್ದೆ?" ತಮ್ಮಯ್ಯ ಕೇಳಿದ.

"ಶಿವಶಂಕರಣ್ಣ ಯೋಳ್ದ ಸಾ."

ಆ ಗದ್ದೆಮನೆ ನಡೆಸುತ್ತಿದ್ದವನೇ ಶಿವಶಂಕರ್. ಸಂಜೆಗೆ ಅವನೂ ಸಿಕ್ಕಿದ, ಬಾಯಿ ಮಾತ್ರ ಬಿಡಲಿಲ್ಲ. ಅವನ ಫೋನಿನ ಕರೆ ವಿವರ ತರಿಸಿದರು. ಭಾನುವಾರ ಸಭೆ ಮುಗಿದ ಮೇಲೆ ಅವನಿಗೊಂದು ಕರೆ ಬಂದಿತ್ತು. ಸಿಮ್ ಇದ್ದದ್ದು ಕರಿಯಪ್ಪನವರ ಸೊಸೆ ಶ್ವೇತಳ ಹೆಸರಿನಲ್ಲಿ.

ಗುರುವಾರ ಅರ್ಪಿತ ಆ ಮನೆಗೆ ಹೋದಾಗ ಶ್ವೇತ ಒಬ್ಬಳೇ ಇದ್ದಳು.

"ಈ ನಂಬರ್ ನಿಮ್ಮದಾ?"

"ನನ್ ಹೆಸ್ರಲ್ಲೇ ಅದೆ. ಫೋನು ಮಾವನತ್ರ ಇರ್ತದೆ."

"ಶಿವಶಂಕರ್ ಗೊತ್ತಾ?"

ಶ್ವೇತ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಎರಡ್ ವರ್ಷದ ಕೆಳ್ಗೆ ನಮ್ಮೆಜಮಾನ್ರು ನನ್ನ ಅಲ್ಲಿಗೆ ಕರ್ಕೊಂಡೋಗಿದ್ರು. ರಕ್ತ ಕಮ್ಮಿ, ಪರೀಕ್ಷೆ ಮಾಡ್ಸಣ ಅಂತ. ಬರೋವಾಗ ಒಟ್ಟೇಲಿ ಏನೂ ಇರ್ಲಿಲ್ಲ."

ಡೈರಿಗೆ ಹಾಲು ಹಾಕಿ ಬಂದ ಕರಿಯಪ್ಪ ಜೀಪು ಕಂಡು ಅಂಗಳದಲ್ಲೇ ನಿಂತರು.

"ನೀವೇ ಫೋನ್ ಮಾಡಿದ್ದಾ?"

"ಊಂ."

"ಯಾಕೆ?"

"ಅಲ್ಲಿಗೆ ಬಂದೋರ ಮಕ ಎಲ್ಲಾ ನೆನಪವೆ, ಗುರುತಿಸ್ತೀನಿ ಅಂದ್ಲು ಆ ಉಡ್ಗಿ. ನನ್ ಮಗನ್ನೂ ಗುರುತಿಸ್ತಿದ್ಲು. ಎದ್ರುಸಿ ಅಂದೆ, ಒಡೀರಿ ಅನ್ನಲಿಲ್ಲ."

"ಬಕೆಟ್ಟಿನ ಮಾತು?"

"ಯಾವೋಳು ಅಂತ ಅವ್ನಿಗೆ ಗೊತ್ತಾಗ್ಬೇಕಿತ್ತಲ್ಲ."

ಮಗ ಮಾಡಿದ್ದು ಆಗಲೇ ತಿಳಿದಿತ್ತೆಂದೂ, ಆಮೇಲೂ ಊರೂರಿಗೆ ಹೋಗಿ ಹೆಣ್ಣುಮಕ್ಕಳನ್ನು ಉಳಿಸಿ ಎಂದು ಭಾಷಣ ಮಾಡಿದ್ದಾಗಿಯೂ ಹೇಳಿಕೆ ಕೊಟ್ಟರು. ಮಗನ ಮಾನವೊಂದು ಉಳಿದರೆ ಸಾಕೆನಿಸಿತ್ತಂತೆ.

ದಸ್ತಗಿರಿ ಮಾಡಿ ಠಾಣೆಗೆ ಕರೆತಂದಾಗ ಮುಬೀನಾ ಬೆಂಚಿನಿಂದೆದ್ದಳು.

"ಅಣ್ಣಾ, ರಂಜಿತ ಸಭೆಗೆ ಬರಕ್ಕಿಲ್ಲ ಅಂದಾಗ ಅವ್ರವ್ವನ ಕೈ ಇಡ್ದು, ನಿನ್ ಮಗ್ಳು ನನ್ ಜವಾಬ್ದಾರಿ ಅಂದೋರು ನೀವಲ್ವಾ?"

ಕರಿಯಪ್ಪ ಅವಳನ್ನು ದಾಟಿ ಅರ್ಪಿತರ ಬಳಿ ಬಂದು ತಗ್ಗಿದ ದನಿಯಲ್ಲಿ, "ನನ್ನ ಏನಾರ ಮಾಡಿ, ಮಗನ ಹೆಸ್ರು ಬರೀಬೇಡಿ" ಎಂದರು.

ಅಷ್ಟರಲ್ಲಿ ಒಳಗೆ, ತಮ್ಮಯ್ಯನ ಜೊತೆ ಮೊದಲೇ ಠಾಣೆಗೆ ಬಂದಿದ್ದ ಶ್ವೇತ ಗಂಡನ ಹೆಸರು ಹೇಳಿ, ಹೇಳಿಕೆಗೆ ಸಹಿ ಹಾಕಿಯಾಗಿತ್ತು.