ಮಾವ ಹೇಳಿದ್ದು

ಅಪ್ಪನ ಹೆಣ ಹಜಾರದಲ್ಲಿರುವಾಗಲೇ ಮಗ ಹೋಗಿ ಹೊಲಿಗೆ ಅಂಗಡಿಯ ಬೀಗ ಬದಲಿಸಿದ.

ಮರುವಾರ ತಂಗಿ ಕೆಲಸಕ್ಕೆ ಹೋದರೆ ಅವಳ ಕೀಲಿ ತಿರುಗಲಿಲ್ಲ. ವರ್ಷಗಟ್ಟಲೆ ಅಪ್ಪ ಗಿರಾಕಿಯ ಮೈಗೆ ಟೇಪು ಹಿಡಿದು ಅಳತೆ ಕೂಗಿದ್ದ. ಅವಳು ಕೇಳಿಸಿಕೊಂಡೇ ಬಟ್ಟೆಗೆ ಕತ್ತರಿ ಹಾಕಿದ್ದಳು. ಅಲ್ಲಿ ಯಾರೂ ಅಳತೆ ಬರೆದಿಟ್ಟವರಲ್ಲ. ಆಡಿದ ಮಾತೇ ಅಳತೆ! ಬೆವರು ಅವಳದು, ಬೀಗ ಅಣ್ಣನದು... ಮನೆತನವೆಂಬ ದೊಡ್ಡ ಮಾತಿನ ಹೊಟ್ಟೆಯೊಳಗಿರುವುದು ಇಷ್ಟೇ ತಾನೆ?

ಸಂಜೆ ಅಣ್ಣ ಊಟದ ಮೇಜಿನ ಮೇಲೆ ವಕೀಲರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಕಾಗದ ಹರಡಿದ. ಅಪ್ಪ ಅಂಗಡಿಯನ್ನು ಮಗಳಿಗೆ ‘ಬಿಕ್ವೀತ್’ ಮಾಡಿಲ್ಲ. ಹಾಗೆಂದು ಹೇಳಿದ್ದೂ ಇಲ್ಲ. ಕೊನೆಗಾಲದಲ್ಲಿ ಹಾಸಿಗೆಯ ಪಕ್ಕದಲ್ಲಿದ್ದ ಸೊಸೆಯೇ ಸಾಕ್ಷಿ ಎಂದಿತ್ತು ಅದರಲ್ಲಿ; ಕೆಳಗೆ ಅವಳ ಸಹಿಗೆ ಜಾಗ.

ಸೊಸೆ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ನಾದಿನಿ ಅವಳನ್ನು ‘ಗ್ರಾಮರ್ ಅತ್ತಿಗೆ’ ಎನ್ನುತ್ತಿದ್ದಳು, ಅವಳು ನಾದಿನಿಯನ್ನು ‘ಕತ್ತರಿಬಾಯಿ’. ಇಬ್ಬರಿಗೂ ಎಣ್ಣೆ ಸೀಗೆಕಾಯಿ.

“ಅಪ್ಪ ಅಂಗಡಿ ನಂಗೇ ಅಂದ್ರಲ್ಲಣ್ಣಾ! ಅತ್ತಿಗೇ, ನೀವೂ ಅಲ್ಲೇ ಇದ್ರಿ...” ತಂಗಿ ಅಳತೊಡಗಿದಳು.

“ಜ್ವರದ ಬಡಬಡಿಕೆ ಅದು,” ಎಂದ ಅಣ್ಣ. “ಬಾಯಿಮಾತನ್ನ ಕೋರ್ಟಿಗೆ ಗಂಟು ಕಟ್ಕೊಂಡು ಹೋಗ್ತೀಯಾ?”

ಸೊಸೆ ಕಾಗದದ ಮೇಲೆ ಬೆರಳಿಟ್ಟಳು. “ಬಿಕ್ವೀತ್. ಇದರ ಹುಟ್ಟು ಗೊತ್ತೇನ್ರೀ?”

“ಶುರುವಾಯ್ತಪ್ಪ ಪಾಠ! ಉಯಿಲು ಬರೆದು ಆಸ್ತಿ ಕೊಡೋದು. ಸೈನ್ ಹಾಕು.”

“ಅದು ಈಗಿನ ಅರ್ಥ. ಮುಂದಿನ ತಲೆಮಾರಿಗೆ ಏನನ್ನಾದ್ರೂ ದಾಟಿಸೋದಕ್ಕೂ ಅದೇ ಪದ. ಆದ್ರೆ ಸಾವಿರ ವರ್ಷದ ಹಿಂದೆ, ಹುಟ್ಟಿದಾಗ, ಅದರ ಅರ್ಥ ‘ಹೇಳೋದು’ ಅಷ್ಟೇ. ಬಾಯಿಬಿಟ್ಟು ಹೇಳೋದು.”

“ನಾವಿರೋದು ಈಗ ಕಣೇ! ಕಾನೂನು ಅನ್ನೋದೊಂದಿದೆ.”

“ಇರ್ಲಿ. ಅದನ್ನ ಕೋರ್ಟು ನೋಡ್ಕೊಳ್ಳುತ್ತೆ. ಈ ಕಾಗದ ಕೇಳ್ತಿರೋದು ಕಾನೂನಲ್ಲ, ನನ್ನ ಕಿವಿ. ಮಾವ ಹೇಳಿದ್ದು ನಾನು ಕೇಳಿದೀನಿ. ಜ್ವರ ಇರ್ಲಿಲ್ಲ, ಗಂಜಿ ಕುಡಿದು, ಸಪ್ಪೆ ಅಂತ ನನ್ನ ಬೈದು, ಆಮೇಲೆ ಹೇಳಿದ್ರು!”

ಅಳುತ್ತಿದ್ದ ನಾದಿನಿಗೆ ನಗು ಉಕ್ಕಿಬಂತು. “ಸಪ್ಪೆಯೇ ಇತ್ತು ಅತ್ತಿಗೇ...”

“ನೀನು ಸುಮ್ನಿರೇ, ಕತ್ತರಿಬಾಯಿ!”

“ಈ ಮನೆ ಸೊಸೆ ನೀನು. ಮರೀಬೇಡ!” ಅವನು ಮೇಜು ಗುದ್ದಿದ.

“ಮರೆತಿಲ್ಲ. ಹೆತ್ತ ಮಗಳನ್ನೇ ಬೀದಿಗೆ ನಿಲ್ಲಿಸೋ ಮನೆ ನಾಳೆ ಸೊಸೆನ ಎಲ್ಲಿಡುತ್ತೆ ಅಂತ ಯೋಚಿಸ್ತಿದೀನಿ.”

ನಾದಿನಿ ಕುರ್ಚಿ ಎಳೆದುಕೊಂಡು ಅತ್ತಿಗೆಯ ಪಕ್ಕ ಕೂತಳು. ಆ ಮನೆಯಲ್ಲಿ ಹಾಗೆ ಕೂತದ್ದು ಅದೇ ಮೊದಲು. ಅವನು ಪೆನ್ನನ್ನು ಹೆಂಡತಿಯ ಬೆರಳುಗಳ ನಡುವೆ ತುರುಕಿದ.

“ಹಾಕು.”

ಅವಳು ಪೆನ್ನಿಗೆ ಮುಚ್ಚಳ ಹಾಕಿ ಅವನ ಮುಂದಿಟ್ಟಳು.

“ಮಾವ ಏನಂದ್ರೋ ಅದನ್ನ ಹಾಗೇ ಬರೆಸ್ಕೊಂಡು ಬನ್ನಿ, ಹಾಕ್ತೀನಿ. ಇದಕ್ಕೆ ಹಾಕಲ್ಲ.”