ಮೂರನೇ ಕಿಟಕಿಯ ನಲವತ್ತು ನಿಮಿಷ

"ಈ ವರದಿ ಬರೆಸಿದ ಮೇಡಂ ಯಾರು?"

ತರಗತಿಯ ಬಾಗಿಲಲ್ಲಿ ಕಾಗದ ಹಿಡಿದು ನಿಂತವನ ದನಿಗೆ ಮೂವತ್ತು ತಲೆಗಳು ಒಟ್ಟಿಗೆ ತಿರುಗಿದವು.

ಅವಳು ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತ ಕಲಿಸಲು ಶುರುಮಾಡಿ ಆರು ವರ್ಷವಾಗಿತ್ತು. ಪಾಠದ ಮಧ್ಯೆ ಹೀಗೆ ನುಗ್ಗಿದವರು ಯಾರೂ ಇರಲಿಲ್ಲ!

"ನಾನೇ. ನೀವು?"

"ಜನನ ಮರಣ ಪ್ರಮಾಣಪತ್ರ ಕೊಡೋ ಕಚೇರಿಯ ಅಧಿಕಾರಿ. 'ಮೂರನೇ ಕಿಟಕಿ ದಿನಾ ಹನ್ನೊಂದರಿಂದ ನಲವತ್ತು ನಿಮಿಷ ಮುಚ್ಚಿರುತ್ತೆ, ಬರೀ ಬೇಜವಾಬ್ದಾರಿ' ಅಂತ ಬರೆದು ನಿಮ್ಮ ವಿದ್ಯಾರ್ಥಿಗಳು ನಮಗೊಂದು ಪ್ರತಿ ಕೊಟ್ಟಿದಾರಲ್ಲ... ಆ ಕಚೇರಿ ನಂದು."

"ಮುಚ್ಚಿರೋದು ಸುಳ್ಳಾ?"

"ನಿಜಾನೇ. ಆದ್ರೆ ಯಾಕೆ ಅಂತ ಒಬ್ಬರಾದ್ರೂ ಕೇಳಿದ್ರಾ?"

ಅವಳು ಸೀಮೆಸುಣ್ಣ ಕೆಳಗಿಟ್ಟಳು.

"ಈಗ ನಾನು ಕೇಳ್ತೀನಿ. ಯಾಕೆ?"

ಅವನು ಆ ಮೂವತ್ತು ಮುಖಗಳನ್ನು ನೋಡಿದ. "ಇಲ್ಲಿ ಹೇಳೋಕಾಗಲ್ಲ," ಎಂದು ಹೊರಟೇಬಿಟ್ಟ.

ಅಬ್ಬಾ, ಎಂಥ ಸೊಕ್ಕು! ಎಂದುಕೊಂಡಳು. ಆದರೆ ಆ ಪುಣ್ಯಾತ್ಮ ತಲೆಗೆ ಹುಳ ಬಿಟ್ಟು ಹೋಗಿದ್ದ... ಯಾಕೆ ಮುಚ್ಚುತ್ತಾರೆ?

ಮರುದಿನ ಬೆಳಿಗ್ಗೆ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತಳು. ಅದರ ಮರುದಿನವೂ ಕೂತಳು.

"ಏನೇ, ದಿನಾ ಅಲ್ಲಿಗೇ ಹೋಗ್ತಿದೀಯಂತೆ?" ಅಕ್ಕ ಕಾಲೆಳೆದಳು. "ಕಿಟಕಿ ನೋಡೋಕೋ, ಕಿಟಕಿ ಹಿಂದಿರೋನ್ನ ನೋಡೋಕೋ?"

"ಅಕ್ಕಾ! ಸುಮ್ನಿರೇ!"

ಕೆನ್ನೆ ಮಾತ್ರ ಬಿಸಿಯಾಯಿತು. ಆ ಮನುಷ್ಯ ಸಾಲಿನಲ್ಲಿ ನಿಂತವರ ಹತ್ತಿರ ತಾನೇ ಹೋಗಿ ಅರ್ಜಿ ತಿದ್ದಿಕೊಡುವುದನ್ನು ಅವಳು ನೋಡಿದ್ದಳು. ಅವನು ಇತ್ತ ನೋಡಿದರೆ ಸಾಕು, ಇವಳ ಪೆನ್ನು ನಿಂತುಬಿಡುತ್ತಿತ್ತು.

ಮೂರನೇ ದಿನ ಹನ್ನೊಂದಕ್ಕೆ, ಕಿಟಕಿ ಮುಚ್ಚಿ ಹೊರಟ ಗುಮಾಸ್ತೆಯನ್ನು ಹಿಂಬಾಲಿಸಿದಳು. ಪಕ್ಕದ ಓಣಿಯಲ್ಲಿ, ಕೂಸುಗಳನ್ನು ನೋಡಿಕೊಳ್ಳುವ ಒಂದು ಮನೆ. ಗುಮಾಸ್ತೆ ಒಳಗೆ ಗೋಡೆಗೊರಗಿ ಕೂತು ಐದು ತಿಂಗಳ ಮಗುವಿಗೆ ಹಾಲೂಡಿಸುತ್ತಿದ್ದಳು.

ಇವಳನ್ನು ಕಂಡು ಆಕೆಯ ಮುಖ ಬಿಳಚಿಕೊಂಡಿತು. "ಮೇಡಂ, ದಯವಿಟ್ಟು ಯಾರಿಗೂ ಹೇಳ್ಬೇಡಿ! ಈ ಮಗು ಬಾಟಲಿ ಬಾಯಿಗೇ ಹಚ್ಚಲ್ಲ. ನಮ್ಮ ನಿಯಮದಲ್ಲಿ ಈ ಬಿಡುವು ಇಲ್ಲ. ಸಾಹೇಬ್ರೇ 'ಹೋಗಿ ಬಾಮ್ಮ, ನಾನು ನೋಡ್ಕೋತೀನಿ' ಅಂದ್ರು..."

ವರದಿ ಮೇಲೆ ಹೋದರೆ ಇಬ್ಬರ ಕೆಲಸಕ್ಕೂ ಕುತ್ತು ಎಂದು ಅವಳಿಗೆ ಹೊಳೆಯಿತು. ಅಲ್ಲಿಂದ ನೇರವಾಗಿ ವಿಭಾಗದ ಮುಖ್ಯಸ್ಥರ ಕೋಣೆಗೆ ಓಡಿದಳು.

"ಸರ್, ಆ ವರದಿ ಎಲ್ಲಿಗೂ ಕಳಿಸ್ಬೇಡಿ!"

"ನಿನ್ನೇನೇ ಅವರ ಮೇಲಿನ ಕಚೇರಿಗೆ ಕಳಿಸಿಬಿಟ್ಟೆನಲ್ಲಮ್ಮ! ಅಷ್ಟು ಚೆನ್ನಾಗಿದೆ!"

ಎರಡೇ ದಿನದಲ್ಲಿ ಅವನಿಗೆ ವಿಚಾರಣೆಯ ನೋಟಿಸು ಬಂತು. ಕಚೇರಿಯ ಮೆಟ್ಟಿಲ ಮೇಲೆ ಅವನು ಎದುರಾದ.

"ಗುಟ್ಟು ತಿಳ್ಕೊಂಡು ದೂರು ಕೊಟ್ರಾ? ನಿಮ್ಮ ಬಗ್ಗೆ ಏನೇನೋ ಅಂದ್ಕೊಂಡಿದ್ದೆ..."

"ಅಯ್ಯೋ, ಒಂದು ನಿಮಿಷ ಕೇಳಿ..."

ಅವನು ನಿಲ್ಲಲಿಲ್ಲ. ಅವಳ ಕಣ್ಣು ತುಂಬಿ ಬಂತು. ಆದರೆ ಅಳುತ್ತಾ ಕೂರುವ ಹೊತ್ತು ಅದಾಗಿರಲಿಲ್ಲ.

ವಿದ್ಯಾರ್ಥಿಗಳು ಹದಿನೈದು ದಿನ ಕಿಟಕಿಗಳ ಸಾಲು ಎಣಿಸಿ ಗುರುತು ಹಾಕಿದ್ದ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರವಿಸಿದಳು. "ಎಲ್ಲಾ ಕಿಟಕೀನೂ ಇನ್ನೊಂದ್ಸಲ ನೋಡೋಣ."

ಒಬ್ಬ ಹುಡುಗಿ ಕೂಗಿದಳು, "ಮೇಡಂ, ಐದನೇ ಕಿಟಕಿ ನೋಡಿ! ಹನ್ನೊಂದರಿಂದ ಹನ್ನೆರಡು ಅಲ್ಲಿ ನೊಣ ಹೊಡೀತಾ ಕೂತಿರ್ತಾರೆ!"

ಕಾರಣ ಹೇಳಲು ಗುಮಾಸ್ತೆಯ ಒಪ್ಪಿಗೆ ಕೇಳಿಕೊಂಡೇ, ವಿಚಾರಣೆಯ ದಿನ ಆ ಹಾಳೆಗಳೊಂದಿಗೆ ಹಿರಿಯ ಅಧಿಕಾರಿಣಿಯ ಮುಂದೆ ನಿಂತಳು.

"ಕಾರಣ ಕೇಳದೆ 'ಬೇಜವಾಬ್ದಾರಿ' ಅಂತ ಬರೆಯೋಕೆ ಬಿಟ್ಟಿದ್ದು ನನ್ನ ತಪ್ಪು. ಆ ಮಾತನ್ನ ವಾಪಸ್ ತಗೋತೀನಿ, ಗುಮಾಸ್ತೆ ಹೋಗೋದು ಕೂಸಿಗೆ ಹಾಲೂಡಿಸೋಕೆ. ಆ ನಲವತ್ತು ನಿಮಿಷ ಮೂರನೇ ಕಿಟಕಿ ಸಾಲನ್ನ ಐದನೇದಕ್ಕೆ ಕಳಿಸಿದ್ರೆ ಯಾರೂ ಕಾಯಬೇಕಾಗಿಲ್ಲ. ಇಲ್ಲಿದೆ ನೋಡಿ."

ಹಿರಿಯ ಅಧಿಕಾರಿಣಿ ಹಾಳೆ ತಿರುವಿ, ಅವನತ್ತ ಕನ್ನಡಕದ ಮೇಲಿಂದ ನೋಡಿದರು. "ನೀವೂ ಬಿಡುವಿಗೆ ಅನುಮತಿ ಬರೆದು ಕೇಳಬಹುದಿತ್ತಲ್ರೀ?"

"ಕೇಳಿದ್ರೆ ಆಗಲ್ಲ ಅಂತಾರೇನೋ ಅಂತ ಹೆದರಿದೆ, ಮೇಡಂ."

ಗುಮಾಸ್ತೆಗೆ ಬಿಡುವು ಲಿಖಿತವಾಗಿಯೇ ಸಿಕ್ಕಿತು. ಅವನಿಗೆ ಒಂದು ಎಚ್ಚರಿಕೆಯ ಪತ್ರ... ಅದನ್ನು ಅವನು ತಲೆ ಬಾಗಿಸಿ ತೆಗೆದುಕೊಂಡ.

ವಾರದ ನಂತರ ಒಂದು ಸಂಜೆ, ಅವಳು ತನ್ನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಬಾಗಿಲು ಮೆಲ್ಲಗೆ ಸದ್ದಾಯಿತು. ಅವನೇ!

"ಕ್ಷಮೆ ಕೇಳೋಕೆ ಬಂದೆ. ಅವತ್ತು ನಿಮ್ಮ ಮಾತು ಕೇಳದೇ ಹೋದೆ."

"ಆಯ್ತು ಬಿಡಿ." ಅವಳು ಉತ್ತರಪತ್ರಿಕೆ ಬದಿಗಿಟ್ಟಳು. "ಅಷ್ಟೇನಾ?"

"ಅಷ್ಟೇ ಅಲ್ಲ..." ಅವನು ಕರವಸ್ತ್ರದಿಂದ ಹಣೆ ಒರೆಸಿಕೊಂಡ. "ಯಾರು ಬಂದ್ರೂ ನೀವೇ ಬಂದ್ರೇನೋ ಅಂತ ತಲೆ ಎತ್ತಿ ನೋಡ್ತೀನಿ. ಇಡೀ ವಾರ ಇದೇ ಆಯ್ತು. ನನಗೆ ನೀವಂದ್ರೆ ಇಷ್ಟ. ಮದುವೆ ಆಗೋಣ್ವಾ ಅಂತ ಕೇಳೋಕೆ ಬಂದೆ."

ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.

"ಏನಾದ್ರೂ ಹೇಳಿ... ಬೇಡ ಅಂತೀರಾ?"

"ಬೇಡ ಅಂದಿಲ್ವಲ್ಲ."

"ಹೂಂ ಅಂತಾನೂ ಅಂದಿಲ್ಲ!"

ಅವಳು ಎದುರಿನ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿ ಕೆಳಗಿಟ್ಟು, ಅವನಿಗೆ ಜಾಗ ಮಾಡಿದಳು.

"ಕೂತ್ಕೊಳ್ಳಿ," ಎಂದಳು. ಆಮೇಲೆ, ತೀರಾ ಮೆಲ್ಲಗೆ, "ಹೂಂ."